ನೋಡೋದ್ಯಾವುದು, ಆಡೋದ್ಯಾವುದು, ಬಿಡೋದ್ಯಾವುದು

ಎಲ್ರಿಗೂ ನಮಸ್ಕಾರ. ಇವತ್ತಿನ ವಿಷಯ ಅನಿಮೆ, ಅಂದ್ರೆ ಜಪಾನಿನ ಆ್ಯನಿಮೇಷನ್, ಮತ್ತೆ ವಿಡಿಯೋ ಗೇಮ್, ಅದ್ರಲ್ಲೂ ನಂಗೆ ತುಂಬಾ ಜನ ಕೇಳೋ ಒಂದೇ ಪ್ರಶ್ನೆ, ಇಷ್ಟೊಂದು ರಾಶಿ ಬಿದ್ದಿದೆಯಲ್ಲ, ಇದ್ರಲ್ಲಿ ನಮ್ಮ ಟೈಮ್ ಕೊಡೋಕೆ ಯೋಗ್ಯವಾಗಿರೋದು ಯಾವ್ದು ಅಂತ ಹೆಂಗೆ ಗೊತ್ತಾಗತ್ತೆ. ನನ್ನ ಉತ್ತರ ಮೊದ್ಲೇ ಹೇಳ್ಬಿಡ್ತೀನಿ: ಸ್ಕೋರ್ ನಂಬ್ಕೊಂಡು ಹೋಗ್ಬೇಡಿ, ಯಾರು ಮಾಡಿದಾರೆ ನೋಡಿ, ಮತ್ತೆ ಅದಕ್ಕೊಂದು ಕೊನೆ ಅಂತ ಇದೆಯಾ ನೋಡಿ.

ಮೊದ್ಲು ಅನಿಮೆ. ಜಪಾನಲ್ಲಿ ವರ್ಷಕ್ಕೆ ನಾಲ್ಕು ಸಲ, ಜನವರಿ, ಏಪ್ರಿಲ್, ಜುಲೈ, ಅಕ್ಟೋಬರಲ್ಲಿ, ಹೊಸ ಸೀರೀಸ್‌ಗಳು ಡಜನ್‌ಗಟ್ಟಲೆ ಶುರುವಾಗ್ತವೆ. ಒಂದು ಸೀಸನ್ ಅಂದ್ರೆ ಸಾಮಾನ್ಯವಾಗಿ 12-13 ಎಪಿಸೋಡು, ಒಂದೊಂದು ಸುಮಾರು 24 ನಿಮಿಷ, ಒಟ್ಟು ಐದು ಗಂಟೆ ಅಂದ್ಕೊಳ್ಳಿ. ಇದಕ್ಕೆ ದುಡ್ಡು ಹಾಕೋದು ಬಹಳ ಸಲ ಒಬ್ಬ ನಿರ್ಮಾಪಕ ಅಲ್ಲ, ಪ್ರೊಡಕ್ಷನ್ ಕಮಿಟಿ ಅಂತ ಒಂದು ಇರತ್ತೆ, ಮಾಂಗಾ ಪಬ್ಲಿಷರ್ (ಮಾಂಗಾ ಅಂದ್ರೆ ಜಪಾನಿನ ಕಾಮಿಕ್ಸ್, ಎಷ್ಟೋ ಅನಿಮೆಗೆ ಮೂಲ ಕಥೆ ಅದೇ), ಟಿವಿ ಚಾನೆಲ್, ಮ್ಯೂಸಿಕ್ ಕಂಪನಿ, ಆಟಿಕೆ ಮಾಡೋರು ಎಲ್ಲ ಸೇರಿ ಪಾಲು ಹಾಕ್ತಾರೆ. ಪಬ್ಲಿಷರ್‌ಗೆ ಬೇಕಾಗಿರೋದು ಪುಸ್ತಕ ಖರ್ಚಾಗೋದು, ಅವರ ಲೆಕ್ಕದಲ್ಲಿ ಅನಿಮೆ ಅನ್ನೋದು ಒಂದು ದೊಡ್ಡ ಜಾಹೀರಾತು. ಅದಕ್ಕೇ ಎಷ್ಟೋ ಸೀರೀಸ್ ಹನ್ನೆರಡನೇ ಎಪಿಸೋಡಲ್ಲಿ ಕಥೆ ಇನ್ನೇನು ಕಾವೇರ್ತು ಅನ್ನೋ ಹೊತ್ತಿಗೆ ನಿಂತೋಗತ್ತೆ, ಮುಂದಿನ ಸೀಸನ್ ಬಂದ್ರೆ ಬಂತು, ಇಲ್ದಿದ್ರೆ ಇಲ್ಲ. ಅದ್ರಿಂದ ಶುರು ಮಾಡೋ ಮುಂಚೆ ಎರಡು ನಿಮಿಷ ಹುಡುಕಿ, ಮೂಲ ಮಾಂಗಾ ಮುಗಿದಿದೆಯಾ, ಅನಿಮೆ ಎಲ್ಲೀವರೆಗೆ ಬಂದಿದೆ, ಅಥವಾ ಟಿವಿಗೇ ಅಂತ ಹೊಸದಾಗಿ ಬರೆದ ಕಥೆನಾ. 1998ರ ಕೌಬಾಯ್ ಬೀಬಾಪ್ ಅಂಥದ್ದು, 26 ಎಪಿಸೋಡಿಗೆ ಪೂರ್ತಿ ಮುಗಿಯತ್ತೆ, ಕಾಲು ಶತಮಾನ ಆದ್ರೂ ಜನ ಅದನ್ನ ಬಿಟ್ಟಿಲ್ಲ.

ಸ್ಕೋರ್ ಬಗ್ಗೆ ಒಂದು ಮಾತು. ರೇಟಿಂಗ್ ಪಟ್ಟಿ ತೆಗೆದು ನೋಡಿದ್ರೆ ಮೇಲ್ಗಡೆ ಎರಡನೇ ಸೀಸನ್, ಮೂರನೇ ಸೀಸನ್, ಕೊನೇ ಭಾಗ ಇಂಥವೇ ತುಂಬಿರ್ತವೆ. ಅವು ಮೊದಲನೇ ಸೀಸನ್‌ಗಿಂತ ಚೆನ್ನಾಗಿವೆ ಅಂತಲ್ಲ, ಮೊದಲನೇದು ಹಿಡಿಸದೇ ಇದ್ದೋರು ಎರಡನೇದು ನೋಡೋಕೇ ಬಂದಿರಲ್ಲ, ಉಳ್ಕೊಂಡೋರೆಲ್ಲ ಅಭಿಮಾನಿಗಳೇ, ಅವರು ಹಾಕಿರೋ ಮಾರ್ಕ್ಸು ಅದು. ಇಷ್ಟು ಗೊತ್ತಿದ್ರೆ 9 ಪಾಯಿಂಟ್ ನೋಡಿ ಮೋಸ ಹೋಗೋದು ಅರ್ಧ ಕಮ್ಮಿಯಾಗತ್ತೆ.

ಹಾಗಾದ್ರೆ ಯಾವ್ದನ್ನ ನಂಬೋದು? ಡೈರೆಕ್ಟರ್ ಹೆಸರು. ನಮ್ಮ ಸಿನಿಮಾಕ್ಕೆ ಹೋಗೋವಾಗ ಯಾರ ಪಿಕ್ಚರ್ ಅಂತ ಕೇಳಲ್ವಾ, ಇಲ್ಲಿ ಯಾಕೆ ಬರೀ ಸ್ಟುಡಿಯೋ ಹೆಸರು ಹಿಡ್ಕೊಂಡು ಓಡಾಡ್ತೀವಿ ಅಂತ ನಂಗೆ ಅರ್ಥ ಆಗಲ್ಲ. ನವೋಕೋ ಯಮಾದಾ ಅವರನ್ನೇ ತಗೊಳ್ಳಿ. 2016ರಲ್ಲಿ ಕ್ಯೋಟೋ ಆ್ಯನಿಮೇಷನ್ ಸ್ಟುಡಿಯೋದಲ್ಲಿದ್ದಾಗ ಎ ಸೈಲೆಂಟ್ ವಾಯ್ಸ್ ಅನ್ನೋ ಸಿನಿಮಾ ಮಾಡಿದ್ರು. ಕಿವಿ ಕೇಳದ ಹುಡುಗಿಗೆ ಸ್ಕೂಲಲ್ಲಿ ಕಾಟ ಕೊಟ್ಟ ಹುಡುಗ ದೊಡ್ಡೋನಾದ್ಮೇಲೆ ಯಾರ ಮುಖವನ್ನೂ ನೋಡೋಕಾಗದ ಸ್ಥಿತಿಗೆ ಬಂದಿರ್ತಾನೆ, ಅದನ್ನ ಅವರು ತೋರ್ಸೋದು ಹೆಂಗೆ ಅಂದ್ರೆ ಸುತ್ತ ಇರೋರ ಮುಖದ ಮೇಲೆಲ್ಲ ಒಂದು ದೊಡ್ಡ ಇಂಟು ಮಾರ್ಕ್ ಅಂಟಿಕೊಂಡಿರತ್ತೆ, ಕ್ಯಾಮೆರಾ ಕೂಡ ಅವನ ಹಾಗೇ ತಲೆ ತಗ್ಗಿಸಿ ಜನರ ಕಾಲುಗಳನ್ನ ನೋಡ್ತಿರತ್ತೆ. ಒಬ್ಬರು ಸ್ನೇಹಿತರಾದಾಗ ಆ ಒಂದು ಮಾರ್ಕ್ ಕಳಚಿ ಬೀಳತ್ತೆ. ಡೈಲಾಗೇ ಬೇಡ. ಆಮೇಲೆ ಅವರು ಬೇರೆ ಸ್ಟುಡಿಯೋಗೆ ಹೋಗಿ 2021ರಲ್ಲಿ ಹನ್ನೆರಡನೇ ಶತಮಾನದ ಯುದ್ಧದ ಕಥೆ, ದಿ ಹೈಕೆ ಸ್ಟೋರಿ, ಬರೀ 11 ಎಪಿಸೋಡಲ್ಲಿ ಮಾಡಿದ್ರು, ವಿಷಯ ಬೇರೆ, ಕಾಲ ಬೇರೆ, ಆದ್ರೆ ಅದೇ ಕಣ್ಣು. ಎರಡಕ್ಕೂ ಸ್ಕ್ರಿಪ್ಟ್ ಬರೆದೋರು ರೇಕೋ ಯೋಶಿದಾ. ನಿಮಗೆ ಒಂದು ಅನಿಮೆ ಮನಸ್ಸಿಗೆ ನಾಟ್ತು ಅಂದ್ರೆ ಈ ಎರಡು ಹೆಸರು ಬರ್ಕೊಳ್ಳಿ, ಡೈರೆಕ್ಟರು ಮತ್ತೆ ಬರೆದೋರು, ಅಲ್ಲಿಂದ ಹಿಂದಕ್ಕೂ ಮುಂದಕ್ಕೂ ಹೋಗಿ, ಯಾವ ಆಪ್ ಕೊಡೋ ಸಲಹೆಗಿಂತಲೂ ಇದು ಚೆನ್ನಾಗಿ ಕೆಲಸ ಮಾಡತ್ತೆ.

ಇನ್ನು ಮೂರು ಎಪಿಸೋಡ್ ನೋಡಿ ಹಿಡಿಸ್ಲಿಲ್ಲ ಅಂದ್ರೆ ಬಿಡಿ ಅನ್ನೋ ರೂಲ್ ಅನಿಮೆ ನೋಡೋರಿಗೆಲ್ಲ ಗೊತ್ತು, ನಂಗದು ಸರಿ ಅನ್ಸತ್ತೆ. ಐವತ್ತು ಎಪಿಸೋಡ್ ಆದ್ಮೇಲೆ ಸೂಪರ್ ಆಗತ್ತೆ ಗುರು ಅಂತ ಯಾರಾದ್ರೂ ಹೇಳಿದ್ರೆ ಅದು ಇಪ್ಪತ್ತು ಗಂಟೆ, ಅಷ್ಟು ಹೊತ್ತಲ್ಲಿ ಮುಶಿಶಿ ಪೂರ್ತಿ ನೋಡಿ ಮುಗಿಸಿ ಇನ್ನೂ ಟೈಮ್ ಉಳಿಯತ್ತೆ. 2005ರದ್ದು, 26 ಎಪಿಸೋಡು, ಹೆಚ್ಚುಕಮ್ಮಿ ಪ್ರತಿ ಎಪಿಸೋಡೂ ಒಂದು ಬಿಡಿ ಕಥೆ. ಮೊದಲನೇದ್ರಲ್ಲೇ ಒಬ್ಬ ಹುಡುಗ ಇದಾನೆ, ಎಡಗೈಲಿ ಏನು ಬರೆದ್ರೂ ಅದಕ್ಕೆ ಜೀವ ಬರತ್ತೆ, ಅಜ್ಜಿ ಅದಕ್ಕೇ ಅವನಿಗೆ ಎಡಗೈಲಿ ಬರೀಬೇಡ ಅಂತ ಹೇಳಿರ್ತಾಳೆ. ಅದು ಹಿಡಿಸಿದ್ರೆ ಉಳಿದಿದ್ದೂ ಹಿಡಿಸತ್ತೆ, ಇಲ್ಲಾಂದ್ರೆ ಅರ್ಧ ಗಂಟೇಲಿ ತೀರ್ಮಾನ ಆಯ್ತು.

ಈಗ ಗೇಮ್. ಇಲ್ಲಿ ಟೈಮಿನ ಪ್ರಶ್ನೆ ಇನ್ನೂ ದೊಡ್ಡದು, ಯಾಕಂದ್ರೆ ಮುಗೀಬಾರ್ದು ಅಂತಲೇ ಕಟ್ಟಿರೋ ಗೇಮ್‌ಗಳಿವೆ. 2020ರಲ್ಲಿ ಬಂದ ಗೆನ್‌ಶಿನ್ ಇಂಪ್ಯಾಕ್ಟ್ ಫ್ರೀ, ಅದ್ರ ಪ್ರಪಂಚ ಮತ್ತೆ ಸಂಗೀತ ನಿಜವಾಗ್ಲೂ ಅದ್ಭುತ, ಆದ್ರೆ ದಿನಾ ಬಂದು ಮಾಡ್ಬೇಕಾದ ಕೆಲಸ, ಗಂಟೆಗಂಟೆಗೂ ನಿಧಾನಕ್ಕೆ ತುಂಬೋ ಎನರ್ಜಿ, ಅದೃಷ್ಟದ ಮೇಲೆ ಸಿಗೋ ಪಾತ್ರಗಳು, ಇವೆಲ್ಲ ನೀವು ನಾಳೆನೂ ಬರ್ಲಿ ಅಂತ ಇಟ್ಟಿರೋದು. ಆಡೋ ಆಸೆ ಇರೋದ್ರಿಂದ ಆಡ್ತಿದೀನಾ, ತಪ್ಪಿಸಿದ್ರೆ ಲಾಸ್ ಅಂತ ಆಡ್ತಿದೀನಾ ಅಂತ ಕೇಳ್ಕೊಳ್ಳಿ, ಎರಡನೇದಾದ್ರೆ ಅವತ್ತೇ ಅನ್‌ಇನ್‌ಸ್ಟಾಲ್ ಮಾಡಿ.

ಕಂಪ್ಯೂಟರ್ ಗೇಮ್ ಮಾರೋ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ರಿವ್ಯೂ ಅಂದ್ರೆ ಹೆಬ್ಬೆಟ್ಟು ಮೇಲೆ ಇಲ್ಲಾ ಕೆಳಗೆ ಅಷ್ಟೇ, ನೂರಕ್ಕೆ ತೊಂಬತ್ತೈದು ಅಂದ್ರೆ ಅಷ್ಟು ಜನ ಪರವಾಗಿಲ್ಲ ಆಡಿ ಅಂದಿದಾರೆ ಅಂತ, ಗೇಮಿಗೆ 95 ಮಾರ್ಕ್ಸ್ ಅಂತಲ್ಲ. ನಾನು ಓದೋದು ಹೆಬ್ಬೆಟ್ಟು ಕೆಳಗೆ ಮಾಡಿರೋ ರಿವ್ಯೂಗಳನ್ನ, ಅದ್ರಲ್ಲೂ ತುಂಬಾ ಗಂಟೆ ಆಡಿದ್ಮೇಲೆ ಬೈದಿರೋರದ್ದು. ತುಂಬಾ ಓದ್ಬೇಕು, ಫೈಟೇ ಇಲ್ಲ ಅಂತ ಒಬ್ರು ಬೈದಿದ್ರೆ ನನಗಂತೂ ಅದೇ ಶಿಫಾರಸು. ತಗೊಂಡ 14 ದಿನದೊಳಗೆ, ಎರಡು ಗಂಟೆಗಿಂತ ಕಮ್ಮಿ ಆಡಿದ್ರೆ ದುಡ್ಡು ವಾಪಸ್ ಕೇಳ್ಬೋದು, ಇದನ್ನ ನಮ್ಮ ಹುಡುಗ್ರು ಬಳಸೋದೇ ಕಮ್ಮಿ, ದಯವಿಟ್ಟು ಬಳಸಿ.

ಇಲ್ಲೂ ಮಾಡಿದೋರ ಹೆಸರು ಹಿಡೀಬೇಕು. ಲೂಕಸ್ ಪೋಪ್ 2013ರಲ್ಲಿ ಪೇಪರ್ಸ್ ಪ್ಲೀಸ್ ಮಾಡಿದ್ರು, ಗಡೀಲಿ ಪಾಸ್‌ಪೋರ್ಟ್ ತಪಾಸಣೆ ಮಾಡೋ ಗುಮಾಸ್ತನ ಆಟ. 2018ರಲ್ಲಿ ರಿಟರ್ನ್ ಆಫ್ ದಿ ಓಬ್ರಾ ಡಿನ್. ಈಸ್ಟ್ ಇಂಡಿಯಾ ಕಂಪನಿಯ ಹಡಗೊಂದು ಯಾರೂ ಇಲ್ದೆ ವಾಪಸ್ ಬಂದಿದೆ, ನೀವು ಇನ್ಶೂರೆನ್ಸ್ ಇನ್‌ಸ್ಪೆಕ್ಟರು, ಕೈಲೊಂದು ಗಡಿಯಾರ, ಹೆಣದ ಹತ್ರ ಹಿಡಿದ್ರೆ ಆ ಸಾವಿನ ಕ್ಷಣ ಕಲ್ಲಾಗಿ ನಿಂತಂತೆ ಕಾಣತ್ತೆ, ನೀವು ಅದ್ರೊಳಗೆ ಓಡಾಡಿ 60 ಜನರಲ್ಲಿ ಯಾರು ಯಾರು, ಏನಾದ್ರು ಅಂತ ಕಂಡುಹಿಡೀಬೇಕು. ಅವರಲ್ಲಿ ನಮ್ಮ ದೇಶದ ಖಲಾಸಿಗಳೂ ಇದಾರೆ. ಮಾತಿನ ಧಾಟಿ, ಬಟ್ಟೆ, ಯಾರು ಯಾರ ಜೊತೆ ನಿಂತಿದಾರೆ, ಇಂಥವೇ ಸುಳಿವು. ಮೂರು ಜನರದ್ದು ಸರಿಯಾದ್ರೆ ಮಾತ್ರ ಗೇಮ್ ಹೌದು ಅನ್ನತ್ತೆ, ಅದ್ರಿಂದ ಸುಮ್ನೆ ಊಹೆ ಮಾಡಿ ದಾಟೋಕಾಗಲ್ಲ. ಒಂದು ವೀಕೆಂಡ್ ಕೊಟ್ರೆ ಮುಗಿಯತ್ತೆ, ಅಷ್ಟು ಗಮನ ಇಟ್ಟು ಮನುಷ್ಯರ ಮುಖ ನೋಡಿಸಿದ ಗೇಮ್ ನಾನು ಇನ್ನೊಂದು ಕಂಡಿಲ್ಲ.

ಕೊನೇದಾಗಿ ಔಟರ್ ವೈಲ್ಡ್ಸ್, 2019ರದ್ದು, ಅದೇ ವರ್ಷ ಔಟರ್ ವರ್ಲ್ಡ್ಸ್ ಅಂತ ಬೇರೆ ಗೇಮೂ ಬಂದಿದೆ, ಹೆಸರು ಸರಿಯಾಗಿ ನೋಡಿ ತಗೊಳ್ಳಿ. ಅಲೆಕ್ಸ್ ಬೀಚಮ್ ಅನ್ನೋರ ಮಾಸ್ಟರ್ಸ್ ಪ್ರಾಜೆಕ್ಟಾಗಿ ಶುರುವಾಗಿದ್ದು. ಒಂದು ಪುಟ್ಟ ಸೌರಮಂಡಲ, 22 ನಿಮಿಷಕ್ಕೆ ಎಲ್ಲ ಮುಗಿದು ಮತ್ತೆ ಮೊದಲಿಂದ. ಲೆವೆಲ್ ಇಲ್ಲ, ಹೊಸ ಆಯುಧ ಇಲ್ಲ, ಮುಂದಿನ ಸಲಕ್ಕೆ ನಿಮ್ಮ ಜೊತೆ ಬರೋದು ನೀವು ತಿಳ್ಕೊಂಡಿದ್ದು ಮಾತ್ರ. ಅದಕ್ಕೇ ಯೂಟ್ಯೂಬಲ್ಲಿ ನೋಡ್ಬೇಡಿ, ಯಾರನ್ನೂ ಕೇಳ್ಬೇಡಿ, ಗೊತ್ತಾಗ್ಬಿಟ್ರೆ ಆಡೋಕೆ ಏನೂ ಉಳಿಯಲ್ಲ. ನಾನೂ ಇಲ್ಲಿಗೇ ನಿಲ್ಲಿಸ್ತೀನಿ. ಪ್ರಶ್ನೆ ಇದ್ರೆ ಕೇಳಿ, ಇದೊಂದರ ಬಗ್ಗೆ ಬಿಟ್ಟು.