ಬ್ಯಾಸರ ಅಂದ್ರೆ ಏನ್ರೀ?

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಕಡೆ ಯಾರಾದರೂ ಸ್ವಲ್ಪ ತಲೆಕೆಟ್ಟಂತೆ ಮಾತಾಡಿದರೆ ಸಾಕು, "ಇವನ್ನ ಧಾರವಾಡಕ್ಕ ಕರಕೊಂಡ ಹೋಗಬೇಕ ನೋಡ್ರಿ" ಅಂತ ನಗುತ್ತಾರೆ. ಹಾವೇರಿಯಲ್ಲೂ ಇದೇ ಮಾತು, ಗದಗಿನಲ್ಲೂ ಇದೇ ಮಾತು. 1845ರಲ್ಲಿ ಧಾರವಾಡದಲ್ಲಿ ಶುರುವಾದ ಹುಚ್ಚಾಸ್ಪತ್ರೆ ಈಗ ಡಿಮ್ಹಾನ್ಸ್, ಅಂದರೆ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ ಆಗಿದೆ. ಹೆಸರು ಬದಲಾಯಿತು, ಆ ನಗೆಮಾತು ಮಾತ್ರ ಹಾಗೇ ಉಳಿಯಿತು. ನಾನಂತೂ ಯಾರೂ ಕರಕೊಂಡು ಬರದೆ, ನಾನಾಗಿಯೇ ಧಾರವಾಡಕ್ಕೆ ಬಂದವಳು. ಕ್ಲಿನಿಕಲ್ ಸೈಕಾಲಜಿಯಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಬಸ್ಸಿನಲ್ಲಿ ಪಕ್ಕದವರಿಗೆ ಇದನ್ನು ಹೇಳಿದರೆ ಕೆಲವರು ಸ್ವಲ್ಪ ಸರಿದು ಕೂರುತ್ತಾರೆ. ಇನ್ನು ಕೆಲವರು ಹುಬ್ಬಳ್ಳಿ ಬರುವಷ್ಟರಲ್ಲಿ ಇಡೀ ಮನೆಯ ಕಥೆ ಹೇಳಿ ಮುಗಿಸಿರುತ್ತಾರೆ.

"ಹಂಗಾದ್ರ ನೀವು ಗುಳಿಗಿ ಬರೀತೀರೇನ್ರಿ?" ಅಂತಲೂ ಕೇಳುತ್ತಾರೆ. ಇಲ್ಲ. ಗುಳಿಗೆ ಬರೆಯುವವರು ಸೈಕಿಯಾಟ್ರಿಸ್ಟ್, ಎಂಬಿಬಿಎಸ್ ಓದಿದ ಡಾಕ್ಟರು. ನಾವು ಮಾತಾಡಿಸುವವರು, ಬುದ್ಧಿ ಮತ್ತು ನೆನಪಿನ ಪರೀಕ್ಷೆ ಮಾಡುವವರು, ಮಾತಿನಲ್ಲೇ ಚಿಕಿತ್ಸೆ ಕೊಡುವವರು. ಇದಕ್ಕೆ ಬರೀ ಎಂ.ಎ. ಸಾಲದು, ಬರೀ ಪಿಎಚ್.ಡಿ.ಯೂ ಸಾಲದು. ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ತರಬೇತಿ ಮುಗಿಸಿ, ಅಲ್ಲಿ ಹೆಸರು ನೋಂದಾಯಿಸಬೇಕು. ನಾನು ಎರಡು ವರ್ಷದ ಎಂ.ಫಿಲ್. ಮಾಡಿದೆ. ಬೆಳಿಗ್ಗೆ ಓಪಿಡಿ, ಮಧ್ಯಾಹ್ನ ವಾರ್ಡು, ರಾತ್ರಿ ಕೇಸ್ ಹಿಸ್ಟರಿ. ರಾತ್ರಿ ಬರೆದದ್ದರಲ್ಲಿ ಅರ್ಧ ಮರುದಿನ ಸೂಪರ್‌ವೈಸರ್ ಪೆನ್ನಿಗೆ ಬಲಿ. ಆಗೆಲ್ಲ ಅಳು ಬರುತ್ತಿತ್ತು.

ಈಗ ನನ್ನ ಸಂಶೋಧನೆಗೆ ಬರೋಣ. ಪಿಎಚ್‌ಕ್ಯೂ-9 ಅಂತ ಒಂದು ಪ್ರಶ್ನಾವಳಿ ಇದೆ. ಖಿನ್ನತೆ ಇದೆಯಾ, ಎಷ್ಟಿದೆ ಅಂತ ನೋಡಲು ಲೋಕದ ತುಂಬ ಬಳಸುತ್ತಾರೆ. ಒಂಬತ್ತೇ ಪ್ರಶ್ನೆ. ಕಳೆದ ಎರಡು ವಾರದಲ್ಲಿ ಈ ತೊಂದರೆ ಎಷ್ಟು ದಿನ ಇತ್ತು ಅಂತ ಕೇಳಬೇಕು. ಒಂದು ದಿನವೂ ಇಲ್ಲದಿದ್ದರೆ ಸೊನ್ನೆ, ಹೆಚ್ಚುಕಡಿಮೆ ದಿನಾಲೂ ಇದ್ದರೆ ಮೂರು. ಒಟ್ಟು 27 ಅಂಕ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇನ್ನಷ್ಟು ವಿಚಾರಿಸಬೇಕು. ಕನ್ನಡದಲ್ಲೂ ಇದು ಬಂದಿದೆ. ಆದರೆ ಹಾಳೆಯ ಮೇಲಿನ ಆ ಕನ್ನಡ ನಮ್ಮ ಹಳ್ಳಿಯ ಜನಕ್ಕೆ ಕೇಳಿಸುವುದು ಹೇಗೆ? ಅದೇ ನನ್ನ ವಿಷಯ. ಸಿನಾಪ್ಸಿಸ್ ಬರೆಯುವಾಗ ಇದು ಬಹಳ ಸಣ್ಣ ವಿಷಯ ಅನ್ನಿಸಿತ್ತು. ಮುಜುಗರವೂ ಆಗಿತ್ತು.

ಬ್ಯಾಡಗಿ ಕಡೆಯ ಒಂದು ಊರು. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿ ಹೇಳುತ್ತಿದ್ದೇನೆ. ಅಂಗಳದಲ್ಲಿ ಕೆಂಪು ರಾಶಿ, ಸುತ್ತ ಹೆಂಗಸರು ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದರು. ಗಾಳಿಯಲ್ಲೇ ಘಾಟು. ನಾನು ಎರಡು ಸಲ ಸೀನಿದೆ, ಎಲ್ಲರೂ ನಕ್ಕರು. ಒಬ್ಬ ಅಜ್ಜಿಯ ಪಕ್ಕ ಹಾಳೆ ಹಿಡಿದು ಕೂತೆ.

"ಅಮ್ಮಾ, ಎರಡು ವಾರದಿಂದ ಮನಸ್ಸಿಗೆ ಬೇಸರ ಆಗಿದೆಯಾ?"

"ವಾರಾ? ನಾ ಒಂದ ವಾರ ಹಿಡದೀನವಾ, ಸೋಮಾರ. ಇನ್ನ ಬ್ಯಾಸರ ಅಂದ್ರ... ಬ್ಯಾಸರ ಮಾಡ್ಕೊಂಡ್ರ ನಡೀತೈತೇನ? ಕಿಲೋ ಲೆಕ್ಕದಾಗ ಕೂಲಿ ಕೊಡ್ತಾರ."

ನಾನು ಸೊನ್ನೆ ಬರೆದೆ. ನಿದ್ದೆ ಬರುತ್ತದಾ ಅಂತ ಕೇಳಿದೆ. "ಕೈ ಉರೀತಾವಲ್ಲವಾ, ಎಲ್ಲೀ ನಿದ್ದಿ" ಅಂದಳು. ಸರಿ, ಮೆಣಸಿನಕಾಯಿ ಉರಿ, ಖಿನ್ನತೆಯಲ್ಲ ಅಂದುಕೊಂಡೆ. ಊಟ? ಸೋಮವಾರದ ಉಪವಾಸ ಇದ್ದೇ ಇದೆ. ಕಣ್ಣಲ್ಲಿ ನೀರಾಡುತ್ತಿತ್ತು. ಘಾಟಿಗೆ ನನ್ನ ಕಣ್ಣಲ್ಲೂ ನೀರಿತ್ತು, ಹಾಗಾಗಿ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಒಟ್ಟು ನಾಲ್ಕು ಅಂಕ. ಏನೂ ತೊಂದರೆ ಇಲ್ಲ ಅಂತ ಹಾಳೆ ಮಡಚಿದೆ. ಬಸ್ ಸ್ಟಾಪಿನವರೆಗೆ ನನ್ನ ಜೊತೆ ಬಂದ ಇನ್ನೊಬ್ಬ ಹೆಂಗಸು ಸುಮ್ನೆ ಮಾತಿಗೆ ಅಂತ ಹೇಳಿದಳು: "ಆಕೀ ಮಗ ಹ್ವಾದಾಗಿಂದ ಆ ಮನಿಯಾಗ ಒಲಿ ಹಚ್ಚೂದ ಅಪರೂಪ ಆಗೇತ್ರಿ."

ಧಾರವಾಡಕ್ಕೆ ಬಂದು ಗೈಡ್ ಮೇಡಂ ಮುಂದೆ ಹಾಳೆ ಇಟ್ಟೆ. ಅವರು ಅಂಕ ನೋಡಲೇ ಇಲ್ಲ. ಅಂಚಿನಲ್ಲಿ ನಾನು ಗೀಚಿಕೊಂಡಿದ್ದ ಅಜ್ಜಿಯ ಮಾತನ್ನು ಎರಡು ಸಲ ಓದಿದರು. "ಬ್ಯಾಸರ ಮಾಡ್ಕೊಂಡ್ರ ನಡೀತೈತೇನ ಅಂದ್ರೆ ಬ್ಯಾಸರ ಇಲ್ಲ ಅಂತಾನಾ, ಇದೆ ಅಂತಾನಾ?" ಅಂತ ಕೇಳಿದರು. ನನ್ನ ಬಾಯಿ ಕಟ್ಟಿತು. ಹುಟ್ಟಿದಾಗಿನಿಂದ ಆಡಿದ ಭಾಷೆ, ಅಲ್ವಾ?

ನಾನು ಪಾಠವನ್ನೂ ಮಾಡುತ್ತೇನೆ. ಸೈಕಾಲಜಿ ಓದುವ ಡಿಗ್ರಿ ಮಕ್ಕಳಿಗೆ ಪ್ರಾಕ್ಟಿಕಲ್. ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದುವುದು, ಅಂಕಿಗಳನ್ನು ಕೇಳಿ ಉಲ್ಟಾ ಹೇಳುವುದು, ಇಂಥವು. ಇದು ಓದಿದರೆ ಎದುರಿನವರ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಾಗುತ್ತದೆ ಅನ್ನೋ ಆಸೆಯಿಂದ ಬಂದಿರುತ್ತಾರೆ, ಪಾಪ. ಮರುದಿನ ಬೋರ್ಡಿನ ಮೇಲೆ 'ಬೇಸರ' ಅಂತ ಬರೆದು, ಬೇರೆ ಮಾತಿನಲ್ಲಿ ಹೇಳಿ ಅಂದೆ. ಮುಂದಿನ ಬೆಂಚಿನ ಹುಡುಗಿ 'ದುಃಖ' ಅಂದಳು. ಹಿಂದಿನ ಬೆಂಚಿನಿಂದ 'ಬೋರು' ಅಂತ ಬಂತು, ಬಹುಶಃ ನನ್ನ ಪಾಠದ ಬಗ್ಗೆಯೇ. ಕುಂದಗೋಳದ ಹುಡುಗ 'ದಣಿವು' ಅಂದ: ನಡೆದು ನಡೆದು ಬ್ಯಾಸರ ಆತು ಅಂತಾರಲ್ಲ, ಅದು. ಇನ್ನೊಬ್ಬಳು 'ಮುನಿಸು' ಅಂದಳು: ನಮ್ಮ ಮ್ಯಾಲೆ ಬ್ಯಾಸರ ಮಾಡ್ಕೋಬ್ಯಾಡ್ರಿ ಅನ್ನೋವಾಗಿನ ಬೇಸರ. ನಾಲ್ಕು ಜನ, ನಾಲ್ಕು ಅರ್ಥ. ಅಜ್ಜಿ ಇವುಗಳಲ್ಲಿ ಯಾವುದಕ್ಕೆ ಉತ್ತರ ಕೊಟ್ಟಿದ್ದಳೋ!

ಅವತ್ತು ಅದೇ ಕ್ಲಾಸಿನಲ್ಲಿ ವಿ. ವಿ. ಕಾಮತರ ವಿಷಯ ಹೇಳಿದೆ. ಫ್ರಾನ್ಸಿನ ಬಿನೆ ಮಾಡಿದ ಬುದ್ಧಿ ಪರೀಕ್ಷೆಯನ್ನು ಅವರು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿ 1934ರಲ್ಲಿ ಪ್ರಕಟಿಸಿದರು. ಬಿನೆ-ಕಾಮತ್ ಪರೀಕ್ಷೆ ಅಂತ ಈಗಲೂ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಅಷ್ಟು ಹಳೆಯದನ್ನು ಇನ್ನೂ ಬಳಸುತ್ತಿರುವುದು ನಮಗೆ ಹೆಮ್ಮೆಯೋ ನಾಚಿಕೆಯೋ, ನನಗೆ ತೀರ್ಮಾನವಾಗಿಲ್ಲ. ಪ್ರಶ್ನೆಯನ್ನು ಇನ್ನೊಂದು ಭಾಷೆಗೆ ತರುವುದಕ್ಕೆ ಈಗ ಒಂದು ಕ್ರಮ ಇದೆ. ಒಬ್ಬರು ಕನ್ನಡಕ್ಕೆ ತರುತ್ತಾರೆ. ಮೂಲ ನೋಡಿರದ ಇನ್ನೊಬ್ಬರು ಅದನ್ನು ವಾಪಸ್ ಇಂಗ್ಲಿಷಿಗೆ ತಿರುಗಿಸುತ್ತಾರೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಆದರೆ ಇಬ್ಬರೂ ಓದಿದವರೇ ಆದರೆ ಏನು ಬಂತು? ಇಬ್ಬರಿಗೂ ಬೇಸರ ಅಂದರೆ ದುಃಖವೇ. ಅದಕ್ಕೇ ನಾನೀಗ ಪ್ರಶ್ನೆ ಕೇಳಿದ ಮೇಲೆ ಇನ್ನೊಂದು ಮಾತು ಕೇಳುತ್ತೇನೆ: "ನಾ ಏನ್ ಕೇಳಿದೆ ಅಂತ ನಿಮಗ ತಿಳೀತು, ನಿಮ್ಮ ಮಾತಿನಾಗ ಹೇಳ್ರಿ."

ಒಂಬತ್ತನೆಯ ಪ್ರಶ್ನೆ ಕೇಳಲು ಮೊದಮೊದಲು ನಾಲಿಗೆ ಏಳುತ್ತಿರಲಿಲ್ಲ. ಬದುಕುವುದೇ ಬೇಡ ಅನ್ನಿಸಿದೆಯಾ ಅನ್ನೋ ಪ್ರಶ್ನೆ ಅದು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಅನ್ನೋ ಭಯ ಬಹಳ ಜನಕ್ಕಿದೆ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಕೇಳಿದಾಗ ಎಷ್ಟೋ ಜನಕ್ಕೆ ಹಗುರ ಆಗುವುದನ್ನು ನಾನೇ ಕಂಡಿದ್ದೇನೆ. ಈಗ ಕೇಳುತ್ತಿರುವ ಯಾರಿಗಾದರೂ ಹಾಗೆ ಅನ್ನಿಸುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮನಸ್ ಅನ್ನೋ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಅದು. ದುಡ್ಡು ಬೇಡ, ರಾತ್ರಿ ಎರಡಾದರೂ ಕನ್ನಡದಲ್ಲಿ ಮಾತಾಡುತ್ತಾರೆ.

ಅಜ್ಜಿಯ ಹತ್ತಿರ ಮತ್ತೆ ಹೋದೆ. ಹಾಳೆ ಚೀಲದಿಂದ ತೆಗೆಯಲಿಲ್ಲ. ನಾನೂ ತೊಟ್ಟು ಬಿಡಿಸುತ್ತಾ ಕೂತೆ, ಅರ್ಧ ಗಂಟೆಗೇ ಉಗುರಿನ ಸಂದಿಯಲ್ಲಿ ಬೆಂಕಿ. "ಜೀವಕ್ಕ ಹೆಂಗ ಅನಸ್ತೈತಿ, ಅಮ್ಮಾ?" ಅಂದೆ. ಕೈ ನಿಂತಿತು. "ಏನೂ ಒಲ್ಲೆ ಅನಸ್ತೈತವಾ. ಉಣ್ಣಾಕೂ ಒಲ್ಲೆ, ಯಾರ್ ಕೂಡ ಮಾತಾಡಾಕೂ ಒಲ್ಲೆ." ಆಮೇಲೆ ಮಗನ ಮಾತು ಬಂತು. ಅದು ಇಲ್ಲಿ ಬೇಡ. ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಮನೋಚೈತನ್ಯ ಅನ್ನೋ ಸರ್ಕಾರದ ಕಾರ್ಯಕ್ರಮ ಇದೆ. ಮುಂದಿನ ಮಂಗಳವಾರ ಸೊಸೆಯ ಜೊತೆ ಅಜ್ಜಿ ಅಲ್ಲಿಗೆ ಹೋಗಿ ಬಂದಳು.

ನನ್ನ ಹಾಳೆಯಲ್ಲಿ 'ಬೇಸರ' ಇನ್ನೂ ಹಾಗೇ ಇದೆ. ಪಕ್ಕದಲ್ಲಿ ಪೆನ್ಸಿಲಿನಿಂದ 'ಏನೂ ಒಲ್ಲೆ ಅನ್ನಿಸುವುದು' ಅಂತ ಬರೆದಿದ್ದೇನೆ. ಗೈಡ್ ಮೇಡಂ ನೋಡಿ, "ಹಾವೇರಿಗೇನೋ ಆದೀತು. ರೋಣದಾಗ ಕೇಳಿ ನೋಡಿದೇನು?" ಅಂದರು. ಇನ್ನೂ ಕೇಳಿಲ್ಲ. ರೋಣಕ್ಕೆ ಹೋಗಲು ನಾಳೆ ಬೆಳಿಗ್ಗೆ ಗದಗಿನ ಬಸ್ಸು ಹಿಡಿಯಬೇಕು.

ನಮಸ್ಕಾರ.