ಮತದ ಹಕ್ಕಿಗಾಗಿ ನಡೆದ ಡೆಲ್ಟಾಗಳು

ಕೇಳುಗರೇ, ನಮಸ್ಕಾರ.

ಅಮೆರಿಕದ ಕಾಲೇಜುಗಳಲ್ಲಿ ಸೊರೊರಿಟಿ ಅಂತ ಇರುತ್ತದೆ. ಹುಡುಗಿಯರದ್ದೇ ಸಂಘ. ಗ್ರೀಕ್ ಅಕ್ಷರಗಳ ಹೆಸರು, ತಮ್ಮದೇ ಬಣ್ಣ, ಹೊರಗಿನವರಿಗೆ ಹೇಳದ ಒಂದಷ್ಟು ಗುಟ್ಟು. ಕಪ್ಪು ಹುಡುಗಿಯರ ಮೊದಲ ಸೊರೊರಿಟಿ ಆಲ್ಫಾ ಕಪ್ಪಾ ಆಲ್ಫಾ. 1908ರಲ್ಲಿ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಶುರುವಾಯಿತು.

ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಅದರೊಳಗೇ ಜಟಾಪಟಿ. ಹೆಸರು ಬದಲಾಗಬೇಕು, ಕಾಲೇಜಿನಾಚೆಯ ಕೆಲಸ ಜಾಸ್ತಿ ಆಗಬೇಕು ಅಂತ ಕೆಲವರು ಪಟ್ಟು ಹಿಡಿದರು. ಹಳಬರು ಒಪ್ಪಲಿಲ್ಲ. 22 ಮಂದಿ ಹೊರಬಂದು 1913ರ ಜನವರಿ 13ರಂದು ಡೆಲ್ಟಾ ಸಿಗ್ಮಾ ಥೀಟಾ ಕಟ್ಟಿದರು. ಸಂಘ ಒಡೆಯೋದು ನಮಗೇನೂ ಹೊಸದಲ್ಲ ಬಿಡಿ. ಆಲ್ಫಾದವರೂ ಸುಮ್ನೆ ಕೂರಲಿಲ್ಲ. ಅದೇ ತಿಂಗಳು ತಮ್ಮ ಸಂಘವನ್ನು ಕಾನೂನು ಪ್ರಕಾರ ನೋಂದಾಯಿಸಿಕೊಂಡರು.

ಎರಡು ತಿಂಗಳೂ ತುಂಬಿರಲಿಲ್ಲ, ಡೆಲ್ಟಾ ಹುಡುಗಿಯರು ಬೀದಿಗಿಳಿದರು. ಮಾರ್ಚ್ 3. ಮರುದಿನ ವುಡ್ರೋ ವಿಲ್ಸನ್ ಅಧ್ಯಕ್ಷರಾಗಿ ಪ್ರಮಾಣವಚನ ತೆಗೆದುಕೊಳ್ಳುವವರಿದ್ದರು. ಹೆಂಗಸರಿಗೆ ಮತದ ಹಕ್ಕು ಕೊಡಿ ಎಂದು ಸಾವಿರಾರು ಜನ ಪೆನ್ಸಿಲ್ವೇನಿಯಾ ಅವೆನ್ಯೂದಲ್ಲಿ ಮೆರವಣಿಗೆ ಹೊರಟಿದ್ದರು. ದಕ್ಷಿಣದ ಬಿಳಿ ಮಹಿಳೆಯರು ಮುನಿಸಿಕೊಳ್ಳುತ್ತಾರೆಂದು ಸಂಘಟಕರಿಗೆ ಅಂಜಿಕೆ. ಕಪ್ಪು ಹೆಂಗಸರು ಹಿಂದೆ ಬರಲಿ ಎಂದರು. ಹಕ್ಕು ಕೇಳುವ ಮೆರವಣಿಗೆಯಲ್ಲೇ ಈ ಮಾತು, ನೋಡಿ! ಕಪ್ಪು ಪತ್ರಕರ್ತೆ ಐಡಾ ಬಿ. ವೆಲ್ಸ್ ಒಪ್ಪಲೇ ಇಲ್ಲ. ದಾರಿ ಬದಿಯ ಗುಂಪಿನಲ್ಲಿ ನಿಂತಿದ್ದು, ತಮ್ಮ ರಾಜ್ಯ ಇಲಿನಾಯ್‌ನ ತಂಡ ಬರುತ್ತಿದ್ದಂತೆ ನಡುವೆ ನುಗ್ಗಿ ಅವರ ಜೊತೆಯೇ ನಡೆದರು. ಡೆಲ್ಟಾ ಹುಡುಗಿಯರು ತಮ್ಮ ಬ್ಯಾನರ್ ಹಿಡಿದು ನಡೆದರು. ಜೊತೆಗೆ ಹಿರಿಯ ಹೋರಾಟಗಾರ್ತಿ ಮೇರಿ ಚರ್ಚ್ ಟೆರೆಲ್. ರಸ್ತೆ ಬದಿಯ ಗಂಡಸರು ಮೆರವಣಿಗೆಯವರನ್ನು ಬೈದರು, ತಳ್ಳಿದರು. ಎಷ್ಟೋ ಕಡೆ ಪೊಲೀಸರು ಕೈಕಟ್ಟಿ ನಿಂತಿದ್ದರು.

1920ರಲ್ಲಿ ಹೆಂಗಸರಿಗೆ ಮತದ ಹಕ್ಕು ಬಂತು. ಆದರೆ ದಕ್ಷಿಣದ ರಾಜ್ಯಗಳು ಅಕ್ಷರ ಪರೀಕ್ಷೆ, ತಲೆಗಂದಾಯ ಅಂತ ನೆಪ ಹೂಡಿ ಕಪ್ಪು ಜನರನ್ನು ಮತಗಟ್ಟೆಯಿಂದ ದೂರವೇ ಇಟ್ಟವು. ಆ ಬೀಗ ಸಡಿಲವಾಗಲು 1965ರ ಮತದಾನ ಹಕ್ಕು ಕಾಯ್ದೆಯೇ ಬರಬೇಕಾಯಿತು.

ಅಷ್ಟು ದಿನ ಸಂಘ ಬಾಳಿದ್ದು ಹೇಗೆ? ಡಿಗ್ರಿ ಮುಗಿದರೂ ಸದಸ್ಯತ್ವ ಮುಗಿಯುವುದಿಲ್ಲ. ಟೀಚರ್, ನರ್ಸ್, ವಕೀಲರಾದವರು ಊರೂರಲ್ಲಿ ಶಾಖೆ ಕಟ್ಟುತ್ತಾರೆ. ನನ್ನ ಪ್ರಕಾರ ಗ್ರೀಕ್ ಅಕ್ಷರ, ಗುಟ್ಟುಗಳಿಗಿಂತ ಸಂಘವನ್ನು ಬೆಳೆಸಿದ್ದು ಇದೇ.

1947ರಿಂದ 1956ರವರೆಗೆ ಡೆಲ್ಟಾ ಅಧ್ಯಕ್ಷೆಯಾಗಿದ್ದವರು ಡೊರೊಥಿ ಹೈಟ್. 1952ರಲ್ಲಿ ನಮ್ಮ ದೆಹಲಿಗೂ ಬಂದು ಸಮಾಜಕಾರ್ಯ ಕಲಿಸಿದ್ದರು. ಕಪ್ಪು ಜನರ ಹಕ್ಕಿಗಾಗಿ ನಡೆದ 1963ರ ವಾಷಿಂಗ್ಟನ್ ಮೆರವಣಿಗೆಯ ದಿನ ಮಾರ್ಟಿನ್ ಲೂಥರ್ ಕಿಂಗ್ ಮಾತಾಡಿದ ವೇದಿಕೆಯ ಮೇಲೇ ಅವರೂ ಇದ್ದರು. ಸಂಘಟಕರಲ್ಲಿ ಒಬ್ಬರು, ಸೊಗಸಾಗಿ ಮಾತಾಡಬಲ್ಲವರು. ಮೈಕ್ ಮಾತ್ರ ಸಿಗಲಿಲ್ಲ.

1968ರಲ್ಲಿ ಅಮೆರಿಕದ ಸಂಸತ್ತಿಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ ಶರ್ಲಿ ಚಿಸಮ್ ಕೂಡ ಡೆಲ್ಟಾ. ನಾಲ್ಕು ವರ್ಷದ ಮೇಲೆ ದೇಶದ ಅಧ್ಯಕ್ಷ ಪದವಿಗೇ ಕೈಹಾಕಿದರು. ಈಗಲೂ ಚುನಾವಣೆ ಬಂತೆಂದರೆ ಡೆಲ್ಟಾ ಹೆಂಗಸರು ಕೆಂಪು ಬಟ್ಟೆ ತೊಟ್ಟು ಮತದಾರರ ಹೆಸರು ಬರೆಸಲು ಹೊರಡುತ್ತಾರೆ.

ನಮಸ್ಕಾರ.