ಹಿರೋಷಿಮಾದ ಎರಡು ಸೀಟಿನ ಕಾರು

ಕೇಳುಗರಿಗೆ ನಮಸ್ಕಾರ.

ಮಾಜ್ದಾ ಅಂದ ಕೂಡಲೇ ನಮ್ಮ ಕಡೆಯವರಿಗೆ ನೆನಪಾಗೋದು ಸ್ವರಾಜ್ ಮಾಜ್ದಾ. ಸ್ಕೂಲ್ ಮಕ್ಕಳನ್ನು ತುಂಬಿಕೊಂಡು ಹೋಗುವ ಮಿನಿ ಬಸ್ಸು, ಮಾರ್ಕೆಟ್ಟಿಗೆ ತರಕಾರಿ ಹೊತ್ತು ಬರುವ ಸಣ್ಣ ಲಾರಿ. 1980ರ ದಶಕದಲ್ಲಿ ಪಂಜಾಬಿನ ಕಂಪನಿಯೊಂದು ಜಪಾನಿನ ಮಾಜ್ದಾ ಜೊತೆ ಸೇರಿ ತಯಾರಿಸಲು ಶುರು ಮಾಡಿದ ಗಾಡಿ ಅದು. ಗಟ್ಟಿಮುಟ್ಟು ಗಾಡಿ, ಆದರೆ ಅದನ್ನು ನೋಡಿ ಯಾರೂ ಆಸೆಪಟ್ಟವರಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಎಂಎಕ್ಸ್-5 ಅನ್ನು ಮಾಡಿದ್ದೂ ಇದೇ ಮಾಜ್ದಾ. ಆ ಕಾರು ನಮ್ಮ ದೇಶದ ಶೋರೂಮಿಗೆ ಬರಲೇ ಇಲ್ಲ, ಹಾಗಾಗಿ ಅದರ ಕಥೆಯೂ ನಮಗೆ ಅಷ್ಟಾಗಿ ಗೊತ್ತಿಲ್ಲ.

ಸ್ಪೋರ್ಟ್ಸ್ ಕಾರು ಅಂದರೆ ಕೋಟಿಗಟ್ಟಲೆ ದುಡ್ಡು, ದೊಡ್ಡ ಎಂಜಿನ್ನು, ಕಿವಿ ಕಿತ್ತುಹೋಗುವ ಸದ್ದು ಅಂತ ನಾವು ಅಂದುಕೊಂಡಿದ್ದೇವೆ. ಮಾಜ್ದಾ ಹತ್ತಿರ ಅಷ್ಟು ದುಡ್ಡು ಯಾವತ್ತೂ ಇರಲಿಲ್ಲ. ಹಾಗೆ ಇಲ್ಲದೇ ಹೋದದ್ದರಿಂದಲೇ ಅವರ ಕಾರು ಇಷ್ಟು ಚೆನ್ನಾಗಿ ಬಂತು ಅನ್ನೋದು ನನ್ನ ಲೆಕ್ಕ.

ಕಂಪನಿ ಶುರುವಾದದ್ದು 1920ರಲ್ಲಿ, ಹಿರೋಷಿಮಾದಲ್ಲಿ. ಆಗ ಕಾರಿನ ಮಾತೇ ಇಲ್ಲ. ತೊಯೊ ಕಾರ್ಕ್ ಕೊಗ್ಯೊ ಅಂತ ಹೆಸರು. ಬಾಟಲಿಗೆ ಬೂಚು ಹಾಕ್ತೀವಲ್ಲ, ಆ ಕಾರ್ಕಿನ ಸಾಮಾನು ಮಾಡುವ ಕಂಪನಿ. ಮರು ವರ್ಷ ಜುಜಿರೊ ಮತ್ಸುದಾ ಅನ್ನೋರು ಅದರ ಚುಕ್ಕಾಣಿ ಹಿಡಿದರು. ಬೆಸ್ತರ ಮನೆಯಲ್ಲಿ ಹುಟ್ಟಿದ ಮನುಷ್ಯ. ಕಾರ್ಕ್ ನೆಚ್ಚಿಕೊಂಡರೆ ಆಗಲ್ಲ ಅಂತ ಯಂತ್ರಗಳ ಕಡೆ ತಿರುಗಿದರು. 1931ರಲ್ಲಿ ಮೂರು ಚಕ್ರದ ಸಾಮಾನು ಗಾಡಿ ಬಂತು. ನಮ್ಮ ಲಗೇಜ್ ಆಟೋದ ಅಜ್ಜ ಅಂದುಕೊಳ್ಳಿ.

1945ರ ಆಗಸ್ಟ್ 6ರಂದು ಆ ಊರಿನ ಮೇಲೆ ಅಣುಬಾಂಬು ಬಿತ್ತು. ಅವತ್ತು ಮತ್ಸುದಾ ಅವರ 70ನೇ ಹುಟ್ಟುಹಬ್ಬ. ಕಾರ್ಖಾನೆ ಊರಿನ ಪೂರ್ವಕ್ಕೆ, ಬಾಂಬು ಬಿದ್ದ ಜಾಗದಿಂದ ಸುಮಾರು 5 ಕಿಲೋಮೀಟರ್ ದೂರದಲ್ಲಿತ್ತು. ನಡುವೆ ಹಿಜಿಯಾಮ ಅನ್ನೋ ಗುಡ್ಡ ಅಡ್ಡ ಇತ್ತು. ಹಾಗಾಗಿ ಕಟ್ಟಡಗಳು ಉಳಿದವು. ಗಾಯಾಳುಗಳು ಅಲ್ಲಿಗೇ ಬಂದರು, ಸರ್ಕಾರಿ ಕಚೇರಿಗಳೂ ಅಲ್ಲಿಗೇ ಬಂದವು. ಅದೇ ಡಿಸೆಂಬರಿನಲ್ಲಿ ಮೂರು ಚಕ್ರದ ಗಾಡಿ ಮತ್ತೆ ಹೊರಬಂತು, ಬೂದಿಯಾದ ಊರಿಗೆ ಸಾಮಾನು ಸಾಗಿಸೋಕೆ. ಊರಿಗೂ ಕಂಪನಿಗೂ ಇರುವ ನಂಟು ಇವತ್ತಿಗೂ ಹಾಗೇ ಇದೆ. ಹಿರೋಷಿಮಾದ ಬೇಸ್‌ಬಾಲ್ ತಂಡದ ಹೆಸರಲ್ಲಿ ಕಂಪನಿಯ ಹಳೆ ಹೆಸರು ತೊಯೊ ಇನ್ನೂ ಉಳಿದಿದೆ.

ಮೊದಲ ಕಾರು 1960ರಲ್ಲಿ ಬಂತು, ಹೆಸರು ಆರ್ 360. ಎಂಜಿನ್ 356 ಸಿಸಿ, ಅಂದರೆ ನಮ್ಮ ಬುಲೆಟ್ ಬೈಕಿನಷ್ಟು. ಬೆಲೆ 3 ಲಕ್ಷ ಯೆನ್. ಅಷ್ಟು ಪುಟ್ಟ, ಅಷ್ಟು ಅಗ್ಗದ ಕಾರಿಗೂ ಹಿಂದೆ ಇಳಿಜಾರಾದ ಕೂಪೆ ಆಕಾರ ಕೊಟ್ಟಿದ್ದರು. ಕಡಿಮೆ ದುಡ್ಡಿಗೆ ಒಂಚೂರು ಶೋಕಿಯೂ ಇರಲಿ ಅನ್ನೋ ಚಾಳಿ ಮೊದಲ ಕಾರಿನಿಂದಲೇ ಇತ್ತು.

ಆಮೇಲೆ ರೋಟರಿ ಎಂಜಿನ್. ಇದಕ್ಕೊಂದು ಭಾಷಣವೇ ಬೇಕು, ಆದರೂ ಚಿಕ್ಕದಾಗಿ ಹೇಳ್ತೀನಿ. 1960ರ ದಶಕದಲ್ಲಿ ಜಪಾನ್ ಸರ್ಕಾರಕ್ಕೆ ಸಣ್ಣ ಕಾರ್ ಕಂಪನಿಗಳನ್ನು ದೊಡ್ಡವರ ಜೊತೆ ಸೇರಿಸಿಬಿಡುವ ಯೋಚನೆ ಬಂತು. ಬೇರೆ ಯಾರ ಹತ್ತಿರವೂ ಇಲ್ಲದ ತಂತ್ರ ಒಂದು ಕೈಯಲ್ಲಿದ್ದರೆ ಮಾತ್ರ ಉಳಿಗಾಲ ಅಂತ ಆಗಿನ ಅಧ್ಯಕ್ಷ ತ್ಸುನೇಜಿ ಮತ್ಸುದಾ ಜರ್ಮನಿಗೆ ಹೋದರು. ಅಲ್ಲಿ ಎನ್‌ಎಸ್‌ಯು ಅನ್ನೋ ಕಂಪನಿಯಿಂದ ವಾಂಕೆಲ್, ಅಂದರೆ ರೋಟರಿ ಎಂಜಿನ್ನಿನ ಲೈಸೆನ್ಸ್ ತಂದರು. ಮಾಮೂಲಿ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡಾಡುತ್ತೆ. ಇದರಲ್ಲಿ ಪಿಸ್ಟನ್ನೇ ಇಲ್ಲ. ಮೂರು ಮೂಲೆಯ ಕಬ್ಬಿಣದ ತುಂಡೊಂದು ಗೂಡಿನೊಳಗೆ ಗಿರಗಿರ ಸುತ್ತುತ್ತೆ. ಚಿಕ್ಕದು, ಹಗುರ, ನಡುಕ ಇಲ್ಲ.

ತಂದಮೇಲೆ ಗೊತ್ತಾಯ್ತು, ಎಂಜಿನ್ ಬಾಳಿಕೆಯೇ ಬರಲ್ಲ ಅಂತ. ಆ ಮೂರು ಮೂಲೆಗಳ ತುದಿಯಲ್ಲಿ ಗಾಳಿ ಸೋರದ ಹಾಗೆ ಒಂದೊಂದು ಪಟ್ಟಿ ಇರುತ್ತೆ. ಅದು ಅದುರಿ ಅದುರಿ ಗೂಡಿನ ಗೋಡೆಯ ಮೇಲೆಲ್ಲಾ ಗೀರು ಹಾಕುತ್ತಿತ್ತು. ದೆವ್ವ ಪರಚಿದ ಗೀರು ಅಂತ ಎಂಜಿನಿಯರುಗಳು ಅದಕ್ಕೆ ಹೆಸರಿಟ್ಟಿದ್ದರು. ಕೆನಿಚಿ ಯಮಮೊಟೊ ಅನ್ನೋರ ಕೈಕೆಳಗೆ 47 ಜನ ಇದರ ಹಿಂದೆ ಬಿದ್ದರು. ಕೊನೆಗೆ ಇಂಗಾಲಕ್ಕೆ ಅಲ್ಯೂಮಿನಿಯಂ ಬೆರೆಸಿದ ಪಟ್ಟಿ ಕೈ ಹಿಡಿಯಿತು. 1967ರಲ್ಲಿ ಈ ಎಂಜಿನ್ನಿನ ಕಾಸ್ಮೊ ಸ್ಪೋರ್ಟ್ ಕಾರು ಬಂತು. ಲೈಸೆನ್ಸ್ ತಗೊಂಡ ದೊಡ್ಡ ದೊಡ್ಡ ಕಂಪನಿಗಳು ಒಂದೊಂದಾಗಿ ಕೈಬಿಟ್ಟವು, ಇವರು ಬಿಡಲಿಲ್ಲ.

ಬಿಡದೇ ಇದ್ದದ್ದಕ್ಕೆ ಪೆಟ್ಟೂ ತಿಂದರು. ರೋಟರಿ ಎಂಜಿನ್ ಪೆಟ್ರೋಲ್ ಕುಡಿಯೋದು ಜಾಸ್ತಿ. 1973ರಲ್ಲಿ ಎಣ್ಣೆ ಬೆಲೆ ಏರಿದಾಗ ಅಮೆರಿಕದಲ್ಲಿ ಈ ಕಾರುಗಳನ್ನು ಕೇಳುವವರೇ ಇಲ್ಲ. ಬ್ಯಾಂಕು ಬಂದು ಕಂಪನಿಯನ್ನು ಎತ್ತಿ ನಿಲ್ಲಿಸಬೇಕಾಯ್ತು. ಕಾರ್ಖಾನೆಯ ಕೆಲಸಗಾರರನ್ನು ಕಾರು ಮಾರೋಕೆ ಕಳಿಸಿದರು. 1979ರಲ್ಲಿ ಫೋರ್ಡ್ ಕಾಲುಪಾಲು ಷೇರು ಕೊಂಡಿತು. ಇಷ್ಟೆಲ್ಲಾ ಆಗುತ್ತಿರುವಾಗಲೇ, 1978ರಲ್ಲಿ, ಅದೇ ರೋಟರಿ ಎಂಜಿನ್ನಿನ ಆರ್‌ಎಕ್ಸ್-7 ಬಂತು! ಅಮೆರಿಕದಲ್ಲಿ ಬೆಲೆ 7 ಸಾವಿರ ಡಾಲರಿಗೂ ಕಡಿಮೆ. ಚೂಪು ಮೂತಿ, ಮೇಲೇಳುವ ಹೆಡ್‌ಲೈಟು, ಹಗುರ ಮೈ. ಅದರ ಎರಡರಷ್ಟು ಬೆಲೆಯ ಕಾರುಗಳ ಪಕ್ಕ ನಿಲ್ಲಿಸಿದರೂ ನಾಚಿಕೆಪಡಬೇಕಿರಲಿಲ್ಲ. 2002ರವರೆಗೆ ಮೂರು ತಲೆಮಾರು ಬಂದು 8 ಲಕ್ಷಕ್ಕೂ ಹೆಚ್ಚು ತಯಾರಾದವು. 1991ರಲ್ಲಿ ಫ್ರಾನ್ಸಿನ ಲೆ ಮಾನ್ 24 ಗಂಟೆ ರೇಸನ್ನು ರೋಟರಿ ಎಂಜಿನ್ನಿನ 787ಬಿ ಗೆದ್ದಿತು. ಜಪಾನಿನ ಕಂಪನಿಯೊಂದು ಆ ರೇಸ್ ಗೆದ್ದದ್ದು ಅದೇ ಮೊದಲು. ಕೊನೆಗೆ ಕಾರು ಓಡಿಸಿದ ಜಾನಿ ಹರ್ಬರ್ಟ್ ಎಷ್ಟು ಬಳಲಿದ್ದರು ಅಂದರೆ, ಬಹುಮಾನದ ಕಟ್ಟೆ ಹತ್ತೋಕೂ ಆಗಲಿಲ್ಲ.

ಆದರೆ ನನಗೆ ಆರ್‌ಎಕ್ಸ್-7ಕ್ಕಿಂತ ಇನ್ನೊಂದು ಕಾರಿನ ಮೇಲೆ ಒಲವು ಜಾಸ್ತಿ. ಎಂಎಕ್ಸ್-5. ಅಮೆರಿಕದವರ ಬಾಯಲ್ಲಿ ಮಿಯಾಟ, ಜಪಾನಿನಲ್ಲಿ ರೋಡ್‌ಸ್ಟರ್. ಇದು ಹುಟ್ಟಿದ್ದು ಮಾತಿನ ನಡುವೆ. 1979ರ ಸುಮಾರಿಗೆ ಬಾಬ್ ಹಾಲ್ ಅನ್ನೋ ಅಮೆರಿಕದ ಪತ್ರಕರ್ತರು ಹಿರೋಷಿಮಾಕ್ಕೆ ಬಂದಿದ್ದರು. ಜಪಾನಿ ಭಾಷೆ ಬಲ್ಲವರು. ರೋಟರಿ ಎಂಜಿನ್ನಿನ ಅದೇ ಯಮಮೊಟೊ ಅವರು, ನಾವು ಮುಂದೆ ಎಂಥಾ ಕಾರು ಮಾಡಬೇಕು ಅಂತ ಹಾಲ್ ಅವರನ್ನು ಕೇಳಿದರು. ಹಾಲ್ ಎದ್ದು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದೇಬಿಟ್ಟರು. ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಹಾಗೆ, ಮೇಲಿನ ಮಾಡು ತೆರೆಯುವ, ಎರಡೇ ಸೀಟಿನ, ಕೈಗೆಟುಕುವ ಬೆಲೆಯ ಕಾರು. ಅಂಥ ಕಾರುಗಳು ಆಗ ಸಾಯುತ್ತಿದ್ದವು. ಎಂಜಿಬಿ 1980ರಲ್ಲಿ ನಿಂತಿತು, ಟ್ರಯಂಫ್ ಸ್ಪಿಟ್‌ಫೈರ್ ಕೂಡ ಅದೇ ವರ್ಷ. ಓಡಿಸೋಕೆ ಭಾರಿ ಖುಷಿ. ಆದರೆ ಆಯಿಲ್ ಸೋರುತ್ತೆ, ವೈರಿಂಗ್ ಕೈಕೊಡುತ್ತೆ, ಮಳೆ ಬಂದರೆ ನೀರು ಒಳಗೇ. ಆ ಖುಷಿ ಇಟ್ಟುಕೊಂಡು ಜಪಾನಿನ ಗುಣಮಟ್ಟ ಕೊಟ್ಟರೆ ಹೇಗಿರುತ್ತೆ?

ಕೆಲವು ವರ್ಷ ಕಳೆದ ಮೇಲೆ ಯಮಮೊಟೊ ಅವರ ಕೈಗೆ ಒಂದು ಸ್ಪಿಟ್‌ಫೈರ್ ಕೊಟ್ಟು ಹಕೋನೆಯ ಘಾಟಿ ರಸ್ತೆಗೆ ಕಳಿಸಿದರು. ಇಳಿದು ಬರುವ ಹೊತ್ತಿಗೆ ಅವರಿಗೂ ಹುಚ್ಚು ಹಿಡಿದಿತ್ತು. 1984ರಲ್ಲಿ ಅವರೇ ಕಂಪನಿಯ ಅಧ್ಯಕ್ಷರಾದರು.

ಹೊಸ ಕಾರು ಹೇಗಿರಬೇಕು ಅಂತ ಟೋಕಿಯೊದ ತಂಡಕ್ಕೂ ಕ್ಯಾಲಿಫೋರ್ನಿಯಾದ ತಂಡಕ್ಕೂ ಪೈಪೋಟಿ ಇಟ್ಟರು. ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಕ್ಕೆ, ಇದೇ ಸರಿ ಅಂತ ಹಟ ಹಿಡಿದದ್ದು ಕ್ಯಾಲಿಫೋರ್ನಿಯಾದವರು. ಅವರೇ ಗೆದ್ದರು. ಆ ತಂಡದಲ್ಲಿ, ಅಷ್ಟು ಹೊತ್ತಿಗೆ ಮಾಜ್ದಾ ಸೇರಿದ್ದ ಹಾಲ್ ಇದ್ದರು, ವಿನ್ಯಾಸಕ ಟಾಮ್ ಮತಾನೊ ಇದ್ದರು. 1985ರಲ್ಲಿ ಇಂಗ್ಲೆಂಡಿನಲ್ಲಿ ಮಾಡಿಸಿದ ಮಾದರಿ ಕಾರನ್ನು ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದ ಬೀದಿಗೆ ಇಳಿಸಿದರು. ಜನ ಹಿಂದೆ ಬಿದ್ದು, ಇದು ಯಾವ ಕಾರು, ಎಲ್ಲಿ ಸಿಗುತ್ತೆ ಅಂತ ಕೇಳೋಕೆ ಶುರು ಮಾಡಿದರು.

ಅಲ್ಲಿಂದ ಮುಂದೆ ಕೆಲಸ ತೋಶಿಹಿಕೊ ಹಿರಾಯ್ ಅನ್ನೋರ ಹೆಗಲಿಗೆ ಬಂತು. ಕುದುರೆ ಮತ್ತು ಸವಾರ ಒಂದೇ ಮೈ ಆಗಿರಬೇಕು ಅನ್ನೋದು ಅವರ ತಂಡದ ಮಂತ್ರ. ಇಂಥ ಮಾತು ಯಾವ ಕಂಪನಿ ಬೇಕಾದರೂ ಹೇಳುತ್ತೆ. ಇವರು ಮಾಡಿದ್ದೇನು ಅಂತ ನೋಡಿ.

ಎಂಜಿನ್ ಹೊಸದಾಗಿ ಮಾಡಲು ದುಡ್ಡಿಲ್ಲ. ಮನೆಮಂದಿ ಓಡಿಸುವ ಫ್ಯಾಮಿಲಿಯಾ ಕಾರಿನ 1.6 ಲೀಟರ್ ಎಂಜಿನ್ನನ್ನೇ ತಿದ್ದಿ, ಅಡ್ಡ ಇದ್ದದ್ದನ್ನು ಉದ್ದಕ್ಕೆ ತಿರುಗಿಸಿ ಕೂರಿಸಿದರು. ಶಕ್ತಿ 120 ಕುದುರೆಯ ಒಳಗೆ. ಆದರೆ ಕಾರಿನ ತೂಕ ಒಂದು ಟನ್ನಿಗೂ ಕಡಿಮೆ. ಅದೂ ಮುಂದಿನ ಚಕ್ರದ ಮೇಲೆ ಅರ್ಧ, ಹಿಂದಿನದರ ಮೇಲೆ ಅರ್ಧ. ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ವರೆಗೆ ಒಂದು ಉದ್ದನೆಯ ಅಲ್ಯೂಮಿನಿಯಂ ತೊಲೆ ಕೊಟ್ಟರು. ಹೊರಗಿಂದ ನೋಡಿದರೆ ಕಾಣಲ್ಲ, ಬ್ರೋಷರಿನಲ್ಲಿ ಓದಿದರೂ ಏನೂ ಅನಿಸಲ್ಲ. ಆದರೆ ಆಕ್ಸಿಲರೇಟರ್ ಒತ್ತಿದ ಕ್ಷಣವೇ ಕಾರು ಮುಂದಕ್ಕೆ ಚಿಮ್ಮುತ್ತೆ. ನಡುವೆ ಜೋಲು, ಜಗ್ಗು ಇಲ್ಲ. ಗೇರಿನ ಕಡ್ಡಿ ಗಿಡ್ಡ. ಒಂದು ಗೇರಿನಿಂದ ಇನ್ನೊಂದಕ್ಕೆ ಹೆಚ್ಚುಕಡಿಮೆ ಎರಡು ಅಂಗುಲ ದೂರ. ತೋಳು ಎತ್ತಬೇಕಿಲ್ಲ, ಮಣಿಕಟ್ಟು ತಿರುಗಿಸಿದರೆ ಸಾಕು, ಟಕ್ ಅಂತ ಕೂರುತ್ತೆ. ಮಾಡನ್ನು ಸೀಟಿನಲ್ಲಿ ಕೂತೇ, ಎರಡು ಕೊಂಡಿ ತೆಗೆದು ಕೈಯಲ್ಲೇ ಹಿಂದಕ್ಕೆ ಎಸೆಯಬಹುದು. ಮೋಟರು ಇಲ್ಲ, ಬಟನ್ ಇಲ್ಲ. ಮೋಟರು ಹಾಕಿದ್ದರೆ ತೂಕವೂ ಜಾಸ್ತಿ, ಬೆಲೆಯೂ ಜಾಸ್ತಿ, ಅಲ್ವಾ?

ಮೈಯ ಅಂದಕ್ಕೂ ಹೀಗೇ ಲೆಕ್ಕಾಚಾರ. ವಿನ್ಯಾಸಕ ಶುಂಜಿ ತನಾಕ ಅವರು ಜಪಾನಿನ ಹಳೆಯ ನೋ ನಾಟಕದ ಮರದ ಮುಖವಾಡಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಮೈಯನ್ನು ತಿದ್ದಿದರು. ಆ ಮುಖವಾಡವನ್ನು ಸ್ವಲ್ಪ ಬಗ್ಗಿಸಿದರೆ ನೆರಳು ಬದಲಾಗಿ ಅಳುವ ಮುಖ ನಗುವ ಹಾಗೆ ಕಾಣುತ್ತೆ. ಕಾರಿನ ಮೈಮೇಲೂ ಒಂದು ಗೆರೆ ಎಳೆಯದೆ, ಬೆಳಕು ಜಾರುವ ಉಬ್ಬುತಗ್ಗುಗಳನ್ನಷ್ಟೇ ಬಿಟ್ಟರು. ಅದಕ್ಕೆ ದುಡ್ಡು ಖರ್ಚಾಗಲ್ಲ, ಕಣ್ಣು ಬೇಕು ಅಷ್ಟೇ.

1989ರ ಫೆಬ್ರುವರಿಯಲ್ಲಿ ಶಿಕಾಗೊ ಆಟೋ ಶೋನಲ್ಲಿ ಪರದೆ ಸರಿಯಿತು. ಬೆಲೆ 13,800 ಡಾಲರ್. ಜನ ಮುಗಿಬಿದ್ದರು. ಡೀಲರುಗಳು ನಮೂದಿಸಿದ ಬೆಲೆಯ ಮೇಲೆ ಇನ್ನಷ್ಟು ಕೀಳೋಕೆ ಶುರು ಮಾಡಿದರು, ಜನ ಅದನ್ನೂ ಕೊಟ್ಟರು. ಸತ್ತೇಹೋಯ್ತು ಅಂದುಕೊಂಡಿದ್ದ ವ್ಯಾಪಾರ ಇನ್ನೂ ಬದುಕಿದೆ ಅಂತ ಯುರೋಪಿನವರಿಗೆ ಎಚ್ಚರವಾಯ್ತು. ಬಿಎಂಡಬ್ಲ್ಯು ಝೆಡ್ 3, ಎಂಜಿಎಫ್, ಫಿಯಟ್ ಬಾರ್ಕೆಟ್ಟಾ, ಮರ್ಸಿಡಿಸ್ ಎಸ್‌ಎಲ್‌ಕೆ, ಪೋರ್ಷೆ ಬಾಕ್ಸ್‌ಸ್ಟರ್, ಎಲ್ಲಾ 1995, 96ರಲ್ಲಿ ಸಾಲಾಗಿ ಬಂದವು. ಅವುಗಳಲ್ಲಿ ಎಷ್ಟೋ ಈಗಿಲ್ಲ. ಮಾಜ್ದಾ 2016ರ ಏಪ್ರಿಲ್‌ನಲ್ಲಿ 10 ಲಕ್ಷದ ಕಾರನ್ನು ಹೊರತಂದಿತು. ಅದೇ ವರ್ಷ ಫಿಯಟ್ಟಿನ 124 ಸ್ಪೈಡರ್ ಮಾರುಕಟ್ಟೆಗೆ ಬಂತು. ಇಟಲಿಯ ಹೆಸರು, ಇಟಲಿಯ ಎಂಜಿನ್ನು. ತಯಾರಾಗಿದ್ದು ಮಾತ್ರ ಹಿರೋಷಿಮಾದಲ್ಲಿ, ಎಂಎಕ್ಸ್-5ರ ಅಡಿಪಾಯದ ಮೇಲೆ! ಯಾರು ಯಾರನ್ನು ನೋಡಿ ಕಲಿತರು ಅಂತ ಕೇಳಬೇಡಿ.

ನಾಲ್ಕು ತಲೆಮಾರಿನಲ್ಲಿ ಮೂರನೆಯದು ಸ್ವಲ್ಪ ಊದಿಕೊಂಡಿತ್ತು ಅಂತ ಅಭಿಮಾನಿಗಳು ಗೊಣಗಿದ್ದುಂಟು. 2015ರಲ್ಲಿ ಬಂದ ನಾಲ್ಕನೆಯದರಲ್ಲಿ ಗ್ರಾಂ ಲೆಕ್ಕದಲ್ಲಿ ಕೊಬ್ಬು ಇಳಿಸಿದರು. ಏರ್‌ಬ್ಯಾಗು, ಸುರಕ್ಷತೆಯ ಹೊಸ ಕಾನೂನು ಎಲ್ಲಾ ಬಂದಮೇಲೂ ಜಪಾನಿನ ಅತಿ ಸಾದಾ ಮಾದರಿ ಆಗ 990 ಕಿಲೋ ಮಾತ್ರ ಇತ್ತು. ಒಟ್ಟು 25 ವರ್ಷದಲ್ಲಿ ಬೇರೆ ಕಾರುಗಳು ಎಷ್ಟು ದಪ್ಪಗಾದವು ಅಂತ ರಸ್ತೆಗಿಳಿದು ನೋಡಿದರೆ ಇದರ ಬೆಲೆ ಗೊತ್ತಾಗುತ್ತೆ.

ಇಷ್ಟಕ್ಕೂ ಇದರಲ್ಲಿ ಮೋಡಿ ಏನು? ಇದು ಜೋರಾಗಿ ಓಡುವ ಕಾರಲ್ಲ. ಇವತ್ತಿನ ಎಷ್ಟೋ ಮಾಮೂಲಿ ಎಲೆಕ್ಟ್ರಿಕ್ ಕಾರುಗಳು ಸಿಗ್ನಲ್ಲಿನಲ್ಲೇ ಇದನ್ನು ಹಿಂದೆ ಹಾಕ್ತವೆ. ಆದರೆ 500 ಕುದುರೆಯ ಕಾರಿನ ಪೂರ್ತಿ ಶಕ್ತಿ ಬಳಸಬೇಕಾದರೆ ರೇಸ್ ಟ್ರ್ಯಾಕೇ ಬೇಕು. ಊರ ರಸ್ತೆಯಲ್ಲಿ ಅದನ್ನು ಸುಮ್ನೆ ಹಗ್ಗ ಹಿಡಿದು ನಡೆಸಿದ ಹಾಗೆ ಆಗುತ್ತೆ. ಇದನ್ನು 60ರ ವೇಗದಲ್ಲಿ ಒಂದು ತಿರುವಿನಲ್ಲಿ ತಿರುಗಿಸಿದರೂ ಟಯರ್ ಏನು ಮಾಡ್ತಿದೆ ಅಂತ ಸ್ಟೀರಿಂಗಿನಲ್ಲಿ, ಸೊಂಟದಲ್ಲಿ ತಿಳಿಯುತ್ತೆ. ಹೊಸಬರಿಗೆ ಓಡಿಸೋದು ಕಲಿಸುತ್ತೆ, ಪಳಗಿದವರಿಗೆ ಬೇಸರ ತರಲ್ಲ. ಅಮೆರಿಕದಲ್ಲಿ ಶನಿವಾರ ಭಾನುವಾರ ರೇಸ್ ಮಾಡುವ ಸಾಮಾನ್ಯ ಜನ ಇದನ್ನೇ ಇಟ್ಟುಕೊಳ್ಳೋದು ಅದಕ್ಕೇ. ಕಾರೂ ಅಗ್ಗ, ಬಿಡಿಭಾಗವೂ ಅಗ್ಗ.

ತೊಂದರೆ ಇಲ್ಲದೇ ಇಲ್ಲ. ಎತ್ತರದವರಿಗೆ ಮೊಣಕಾಲು ತಗಲುತ್ತೆ. ಡಿಕ್ಕಿಯಲ್ಲಿ ಎರಡು ಸಣ್ಣ ಬ್ಯಾಗು ಹಿಡಿದರೆ ಹೆಚ್ಚು. ನೆಲಕ್ಕೆ ಎಷ್ಟು ಹತ್ತಿರ ಅಂದರೆ, ನಮ್ಮ ಬಡಾವಣೆಗಳ ಹಂಪುಗಳಲ್ಲಿ ಹೊಟ್ಟೆ ಉಜ್ಜಿಕೊಂಡೇ ಹೋಗಬೇಕಾದೀತು. ಹಳೆಯವಕ್ಕೆ ತುಕ್ಕಿನ ಕಾಟವೂ ಇದೆ. ಆದರೆ ಮೊದಲ ತಲೆಮಾರಿನ ಕಾರುಗಳನ್ನು ರಿಪೇರಿ ಮಾಡಿ ಹೊಸದರಂತೆ ಮಾಡಿಕೊಡುವ ಕೆಲಸವನ್ನು ಕಂಪನಿಯೇ 2018ರಲ್ಲಿ ಜಪಾನಿನಲ್ಲಿ ಶುರು ಮಾಡಿತು. ಅದಕ್ಕಾಗಿ ಆಗಿನ ಕಾಲದ ಟಯರನ್ನು, ಬ್ರಿಜ್‌ಸ್ಟೋನ್‌ನವರ ಹತ್ತಿರ ಮತ್ತೆ ಮಾಡಿಸಿದರು. ಅಗ್ಗದ ಕಾರಿಗೆ ಇಂಥ ಆರೈಕೆ ಸಿಗೋದು ಅಪರೂಪ.

ನಿಮ್ಮಲ್ಲಿ ಯಾರಾದರೂ ಜಪಾನಿಗೆ ಹೋಗುವವರಿದ್ದರೆ, ಹಿರೋಷಿಮಾದ ಶಾಂತಿ ಸ್ಮಾರಕ ನೋಡೇ ನೋಡ್ತೀರಿ. ಅಲ್ಲಿನ ದೊಡ್ಡ ಸ್ಟೇಷನ್ನಿನಿಂದ ಲೋಕಲ್ ರೈಲಿನಲ್ಲಿ ಎರಡನೇ ನಿಲ್ದಾಣ ಮುಕಾಯ್‌ನಡ. ಇಳಿದರೆ ಮಾಜ್ದಾದ ಕಚೇರಿ, ಅದರ ಮ್ಯೂಸಿಯಂ. ಮೂರು ಚಕ್ರದ ಗಾಡಿ, ಕಾಸ್ಮೊ, ಲೆ ಮಾನ್ ಗೆದ್ದ ಕಿತ್ತಳೆ ಹಸಿರು ಬಣ್ಣದ ಕಾರು ಎಲ್ಲಾ ಅಲ್ಲಿವೆ. ಮುಂಚೆಯೇ ಬುಕ್ ಮಾಡಿಕೊಂಡು ಹೋಗಿ, ಹಾಗೇ ಹೋದರೆ ಒಳಗೆ ಬಿಡಲ್ಲ.

ನಮಸ್ಕಾರ.